ಪಗಾರದ ಚೀಟಿ ಸರಿಯಿದ್ದರೆ ಅರ್ಧ ಕಾನೂನು ಸರಿಯಿದ್ದಂತೆ

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಅಕ್ಕಿ ಗಿರಣಿ. ಅಪ್ಪನ ಕಾಲದಿಂದ ನಡೆದು ಬಂದಿದೆ. ಈಗ 24 ಜನ ಕೆಲಸಕ್ಕಿದ್ದಾರೆ. ಕಾರ್ಮಿಕ ಕಾನೂನು ಪೂರ್ತಿ ಬದಲಾಗಿದೆ ಅಂತ ದಿನಕ್ಕೊಂದು ವಾಟ್ಸಾಪ್ ಮೆಸೇಜ್ ಬರುತ್ತೆ. ಒಬ್ಬರು ಪಿಎಫ್ ದುಪ್ಪಟ್ಟು ಅಂತಾರೆ, ಇನ್ನೊಬ್ಬರು ಸಣ್ಣವರಿಗೆ ಏನೂ ಅನ್ವಯಿಸಲ್ಲ ಅಂತಾರೆ. ಗಿರಣಿ ನೋಡಿಕೊಳ್ಳಲೋ, ಕಾನೂನು ಓದುತ್ತಾ ಕೂರಲೋ?
– ಅಕ್ಕಿ ಗಿರಣಿ ಮಾಲೀಕರು, ದಾವಣಗೆರೆ

ಉತ್ತರ: ಸ್ವಾಮಿ, ಎರಡನ್ನೂ ಮಾಡಬಹುದು. ಆದರೆ ಮೊದಲು ಆ ಮೆಸೇಜ್‌ಗಳನ್ನು ಬಿಡಿ. ಪಿ.ಬಿ. ರಸ್ತೆಯ ಪಕ್ಕ ಕೂತು ಗಿರಣಿ, ಮಂಡಕ್ಕಿ ಭಟ್ಟಿ, ಹೋಟೆಲುಗಳ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಲೆಕ್ಕ ಬರೆಯುವವನು ನಾನು. ಮಾಲೀಕರು ಕಷ್ಟಕ್ಕೆ ಸಿಕ್ಕಿದ್ದನ್ನು ನೋಡಿದ್ದೇನೆ. ಹೊಸ ಕಾನೂನು ಗೊತ್ತಿಲ್ಲದೆ ಸಿಕ್ಕಿಬಿದ್ದವರು ಕಡಿಮೆ. ಕೊಟ್ಟ ಹಣಕ್ಕೆ ಕಾಗದ ಇಲ್ಲದೆ ಸಿಕ್ಕಿಬಿದ್ದವರೇ ಜಾಸ್ತಿ.

ಬದಲಾಗಿದ್ದು ನಿಜ. 29 ಹಳೆಯ ಕಾಯ್ದೆಗಳನ್ನು ಸೇರಿಸಿ ಮಾಡಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಒಂದು ವೇತನಕ್ಕೆ, ಒಂದು ಕೈಗಾರಿಕಾ ಸಂಬಂಧಕ್ಕೆ, ಒಂದು ಸಾಮಾಜಿಕ ಭದ್ರತೆಗೆ, ಇನ್ನೊಂದು ಕೆಲಸದ ಜಾಗದ ಸುರಕ್ಷತೆಗೆ. ಹೊಸ ನಿಯಮಾವಳಿ ಬರುವವರೆಗೆ ಹಳೆಯ ನಿಯಮಗಳು ನಡೆಯುತ್ತವೆ, ಸಂಹಿತೆಗೆ ವಿರುದ್ಧ ಆಗದಷ್ಟು ಮಟ್ಟಿಗೆ. ಹಾಗಾಗಿ ಹಳೆಯ ರಿಜಿಸ್ಟರ್‌ಗಳನ್ನು ಅಟ್ಟಕ್ಕೆ ಹಾಕಬೇಡಿ.

‘ಸಣ್ಣವರಿಗೆ ಅನ್ವಯಿಸಲ್ಲ’ ಅನ್ನೋದು ಎಲ್ಲಿಂದ ಬಂತು ಗೊತ್ತಾ? ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಅನ್ನಿಸಿಕೊಳ್ಳಲು ಮೊದಲು 10 ಜನ ಸಾಕಿತ್ತು, ಈಗ 20 ಬೇಕು. ನಿಮ್ಮಲ್ಲಿ 24 ಜನ ಇದ್ದಾರೆ, ಆ ಮಾತು ನಿಮಗಲ್ಲ. ಲೆಕ್ಕ ಹಾಕುವಾಗ ಗುತ್ತಿಗೆದಾರನ ಕಡೆಯಿಂದ ಬಂದವರನ್ನೂ ಎಣಿಸಬೇಕು. ಇಎಸ್‌ಐಗೆ ಇವತ್ತಿಗೂ 10 ಜನ, ಪಿಎಫ್‌ಗೆ 20 ಜನ. ಸಂಖ್ಯೆ ತೋರಿಸಬಾರದು ಅಂತ ನಾಲ್ಕು ಜನರನ್ನು ಪುಸ್ತಕದಿಂದ ಹೊರಗಿಡುವವರಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಬೆಲ್ಟಿಗೆ ಕೈ ಸಿಕ್ಕ ದಿನ ಪುಸ್ತಕದಲ್ಲಿ ಹೆಸರಿಲ್ಲದ ಆ ಮನುಷ್ಯನಿಗೆ ಇಎಸ್‌ಐ ಆಸ್ಪತ್ರೆಯೂ ಇಲ್ಲ, ನಿಮಗೆ ನಿದ್ದೆಯೂ ಇಲ್ಲ.

ಇನ್ನು ‘ಪಿಎಫ್ ದುಪ್ಪಟ್ಟು’. ಇದಕ್ಕೆ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ನಿಮ್ಮ ಮ್ಯಾನೇಜರ್‌ಗೆ ತಿಂಗಳಿಗೆ 40,000 ರೂಪಾಯಿ ಅಂದುಕೊಳ್ಳಿ. ಮೂಲ ವೇತನ (ಬೇಸಿಕ್) ಮತ್ತು ತುಟ್ಟಿಭತ್ಯೆ (ಡಿಎ) 16,000. ಮನೆ ಬಾಡಿಗೆ ಭತ್ಯೆ 14,000, ಓಡಾಟಕ್ಕೆ 6,000, ಕಮಿಷನ್ 4,000. ಹೊಸ ಕಾನೂನಿನಲ್ಲಿ ಇಂಥ ಭತ್ಯೆಗಳೆಲ್ಲ ಸೇರಿ ಒಟ್ಟು ಹಣದ ಅರ್ಧ ದಾಟುವ ಹಾಗಿಲ್ಲ. ಇಲ್ಲಿ ಭತ್ಯೆ 24,000 ಆಯ್ತು, ಅರ್ಧ ಅಂದರೆ 20,000. ಮಿಕ್ಕ 4,000 ‘ವೇತನ’ಕ್ಕೆ, ಅಂದರೆ ಪಿಎಫ್‌ನಂಥ ಲೆಕ್ಕಗಳಿಗೆ ಹಿಡಿಯುವ ಹಣಕ್ಕೆ ಸೇರುತ್ತದೆ, ವೇತನ 20,000 ಆಗುತ್ತದೆ. ನೀವು ಪಿಎಫ್ ಅನ್ನು 15,000 ವೇತನದ ಮಿತಿಗೇ ಕಟ್ಟುತ್ತಿದ್ದರೆ ಒಂದು ಪೈಸೆಯೂ ಬದಲಾಗಲ್ಲ. ಬದಲಾಗೋದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡಿಗಂಟು. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಅಂತ ಲೆಕ್ಕ. 16,000ಕ್ಕೆ ಅದು 9,231 ಇತ್ತು, 20,000ಕ್ಕೆ 11,538 ಆಗುತ್ತದೆ. ವರ್ಷಕ್ಕೆ 2,307 ರೂಪಾಯಿ ಹೆಚ್ಚು. ಇದನ್ನು ಈಗಿನಿಂದಲೇ ಬೇರೆ ತೆಗೆದಿಡಿ. ನಿಗದಿತ ಅವಧಿಗೆ ಅಂತ ಬರೆದುಕೊಟ್ಟು ಸೇರಿಸಿಕೊಂಡವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಗ್ರಾಚ್ಯುಟಿ ಬರುತ್ತದೆ ಅನ್ನೋದೂ ನೆನಪಿರಲಿ.

ನನ್ನ ಪ್ರಕಾರ ನೀವು ನಿಜಕ್ಕೂ ಎಚ್ಚರವಾಗಿರಬೇಕಾದ ಜಾಗ ಬೇರೆ. ‘ನನಗೆ ಪಗಾರ ಕೊಟ್ಟಿಲ್ಲ’ ಅಂತ ಕೆಲಸಗಾರ ದೂರು ಕೊಟ್ಟರೆ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದೇ. ದೂರು ಕೊಡಲು ಅವರಿಗೆ ಮೂರು ವರ್ಷ ಸಮಯವಿದೆ. ಶನಿವಾರ ಸಂಜೆ ಬಟವಾಡೆ, ಕೈಗೆ ನೋಟು, ಪುಸ್ತಕದಲ್ಲಿ ಪೆನ್ಸಿಲ್ ಗುರುತು – ಇದು ನಮ್ಮ ಕಡೆ ಎಷ್ಟು ಗಿರಣಿಗಳಲ್ಲಿ ಇಲ್ಲ ಹೇಳಿ? ಮೂರು ವರ್ಷ ಆದಮೇಲೆ ಆ ಪೆನ್ಸಿಲ್ ಗುರುತು ನಿಮ್ಮ ಪರ ಮಾತಾಡಲ್ಲ. ಪಗಾರ ಬ್ಯಾಂಕಿಗೆ ಹಾಕಿ. ಪ್ರತಿಯೊಬ್ಬರಿಗೂ ಪಗಾರದ ಚೀಟಿ ಕೊಡಿ, ಓವರ್‌ಟೈಮ್ ಬೇರೆ ಸಾಲಿನಲ್ಲಿ ಬರೆಯಿರಿ, ಅದಕ್ಕೆ ದರ ಎರಡು ಪಟ್ಟು. ನೇಮಕಾತಿ ಪತ್ರ ಈಗ ಕಡ್ಡಾಯ. ಹಳಬರಿಗೂ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು ಅಂತ ಇದೆ. ಇನ್ನೂ ಕೊಟ್ಟಿಲ್ಲ ಅಂದರೆ ಈ ವಾರವೇ ಕೊಡಿ. ಅಪ್ಪನ ಕಾಲದ ಹಮಾಲರಿಗೆ ಕಾಗದ ಯಾಕೆ ಅನ್ನಬೇಡಿ. ಅವರಿಗೇ ಮೊದಲು ಕೊಡಿ.

ಕಾನೂನಿನ ಜೊತೆ ನಡೆಯೋಕೆ ತಾರೀಕುಗಳನ್ನು ಹಿಡಿದುಕೊಂಡರೆ ಸಾಕು. ತಿಂಗಳ 7ರೊಳಗೆ ಪಗಾರ, 15ರೊಳಗೆ ಪಿಎಫ್ ಮತ್ತು ಇಎಸ್‌ಐ ಚಲನ್. ಏಪ್ರಿಲ್ 1ಕ್ಕೆ ರಾಜ್ಯದ ಕನಿಷ್ಠ ವೇತನದ ಡಿಎ ಬದಲಾಗುತ್ತದೆ. ಮಾರ್ಚ್ ಕೊನೆಗೆ ಹೊಸ ದರದ ಪಟ್ಟಿ ತರಿಸಿಕೊಂಡು ಗುಮಾಸ್ತನ ಟೇಬಲ್ ಮೇಲೆ ಇಡಿ. ಮೆಸೇಜ್ ಬಂದರೆ ಒಂದೇ ಪ್ರಶ್ನೆ ಕೇಳಿ: ಆದೇಶದ ನಂಬರು, ದಿನಾಂಕ ಎಲ್ಲಿ? ಅದಿಲ್ಲ ಅಂದರೆ ಮುಂದೆ ಕಳಿಸಬೇಡಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ರೆಡಿಮೇಡ್ ಬಟ್ಟೆ ಹೊಲಿಸುತ್ತೇನೆ. 11 ಜನ ಹೆಣ್ಣುಮಕ್ಕಳು. ಒಬ್ಬಳು ಮದುವೆ ಅಂತ ಕೆಲಸ ಬಿಟ್ಟಳು, ಅಡ್ವಾನ್ಸ್ ಬಾಕಿ ಇದೆ. ಲೆಕ್ಕ ತಿಂಗಳ ಕೊನೆಗೆ ಮುಗಿಸಬಹುದಾ? ತಿಂಗಳಿಗೊಂದು ಮುಟ್ಟಿನ ರಜೆ ಕೊಡಲೇಬೇಕಾ?
– ಗೃಹಿಣಿ ಹಾಗೂ ಉದ್ಯಮಿ, ಚಿತ್ರದುರ್ಗ

ಉತ್ತರ: ತಿಂಗಳ ಕೊನೆಗೆ ಆಗಲ್ಲ ಅಕ್ಕ. ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು. ಅಡ್ವಾನ್ಸ್ ಮುರಿದುಕೊಳ್ಳಬಹುದು, ಆದರೆ ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರಬಾರದು. ಉಳಿದದ್ದಕ್ಕೆ ಅವಳಿಂದ ಒಂದು ಬರಹ ತೆಗೆದುಕೊಳ್ಳಿ. ಮದುವೆಗೆ ಹೊರಟವಳ ಹಣ ಹಿಡಿದಿಟ್ಟುಕೊಳ್ಳಬೇಡಿ.

ಮುಟ್ಟಿನ ರಜೆಗೆ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಮಾಡಿದೆ, ತಿಂಗಳಿಗೆ ಒಂದು ದಿನ, ಪಗಾರ ಸಮೇತ. ಡಾಕ್ಟರ್ ಸರ್ಟಿಫಿಕೇಟ್ ಕೇಳುವ ಹಾಗಿಲ್ಲ. ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ಅಂತ ರಜೆ ತಡೆಹಿಡಿಯಬೇಡಿ. ದಿನವಿಡೀ ಮೆಷಿನ್ ಮುಂದೆ ಬಗ್ಗಿ ಕೂರುವವರಿಗೆ ಅದು ಎಷ್ಟು ಬೇಕು ಅಂತ ನಿಮಗೆ ನಾನು ಹೇಳಬೇಕಾ?

ನೀವು ಕೇಳದೆ ಇರುವ ಒಂದು ವಿಷಯ ಹೇಳುತ್ತೇನೆ. 10 ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಇದು 2013ರ ಕಾನೂನು, ಹೊಸದಲ್ಲ. ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರು, ಕೆಲಸಗಾರರಲ್ಲಿ ಕನಿಷ್ಠ ಇಬ್ಬರು, ಹೊರಗಿನವರು ಒಬ್ಬರು. ಹೊರಗಿನ ಸದಸ್ಯರಿಗೆ ನಿಮ್ಮೂರಿನ ಮಹಿಳಾ ಸಂಘಟನೆಯೊಂದನ್ನು ಕೇಳಿ. ಸಮಿತಿ ಮಾಡಿದ ಆದೇಶವನ್ನು ಎಲ್ಲರಿಗೂ ಕಾಣುವ ಗೋಡೆಗೆ, ಕನ್ನಡದಲ್ಲೇ ಬರೆಸಿ ಅಂಟಿಸಿ.