ಪಾದದ ಕೀಲಿನ ಶಸ್ತ್ರಚಿಕಿತ್ಸೆಗೆ ಮುನ್ನ

ಪ್ರಶ್ನೆ: ಮುಂದಿನ ತಿಂಗಳು ನನ್ನ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಮಧುಮೇಹವಿದೆ, ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿದೆ. ಹೇಗೆ ಸಿದ್ಧಳಾಗಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಧುಮೇಹದ್ದು, ರಕ್ತ ತೆಳುವಾಗಿಸುವುದು, ಆಯುರ್ವೇದದ್ದು ಎನ್ನದೆ ಎಲ್ಲ ಔಷಧಿಗಳನ್ನೂ ಅರಿವಳಿಕೆ ತಜ್ಞರಿಗೆ ಈಗಲೇ ತಿಳಿಸಿ, ಯಾವುದನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಅವರೇ ನಿರ್ಧರಿಸಲಿ. ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮುಂಚಿನಿಂದ ಆಹಾರವನ್ನೂ ಹಾಲು ಬೆರೆತ ಚಹಾವನ್ನೂ ಸೇವಿಸುವಂತಿಲ್ಲ. ನೀರನ್ನು 2 ಗಂಟೆ ಮುಂಚಿನವರೆಗೆ ಕುಡಿಯಬಹುದಾದರೂ ನಿಮ್ಮ ಆಸ್ಪತ್ರೆ ಹೇಳಿದ ಸಮಯವೇ ಅಂತಿಮ. ಪಾದದಲ್ಲಿ ಬಿರುಕು, ಹುಣ್ಣು ಇದ್ದರೆ ವೈದ್ಯರಿಗೆ ತೋರಿಸಿ.

ನನಗೆ ಹೆಚ್ಚು ಚಿಂತೆಯಿರುವುದು ನಿಮ್ಮ ಮೆಟ್ಟಿಲುಗಳ ಬಗ್ಗೆ, ಅದರಲ್ಲೂ ಮುಂಬಯಿಯ ಮಳೆಗಾಲದ ಒದ್ದೆ ಮೆಟ್ಟಿಲುಗಳ ಬಗ್ಗೆ. ಇಂತಹ ಅನೇಕ ಶಸ್ತ್ರಚಿಕಿತ್ಸೆಗಳ ಬಳಿಕ ಕೆಲವು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲವಾದ್ದರಿಂದ, ಊರುಗೋಲಿನ ಬಳಕೆಯನ್ನು ಫಿಸಿಯೊಥೆರಪಿಸ್ಟರಿಂದ ಮೊದಲೇ ಕಲಿಯಿರಿ. ಸಾಧ್ಯವಾದರೆ ನೆಲಮಹಡಿಯಲ್ಲಿರುವ ಬಂಧುಗಳ ಮನೆಯಲ್ಲಿ ಉಳಿದುಕೊಳ್ಳಿ.