ಎಚ್‌ಆರ್‌ವಿ ನೋಡಿ ನಡಿಗೆಯ ವೇಗ ನಿರ್ಧರಿಸಬಹುದೇ?

ಪ್ರಶ್ನೆ: ನನಗೆ 44 ವರ್ಷ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 31. ತೂಕ ಇಳಿಸಲು ಎರಡು ತಿಂಗಳಿಂದ ನಡೆಯುತ್ತಿದ್ದೇನೆ. 220ರಲ್ಲಿ ವಯಸ್ಸನ್ನು ಕಳೆದು ಬರುವ ಸಂಖ್ಯೆಯ ಶೇ 70ರಷ್ಟು, ಅಂದರೆ ಸುಮಾರು 123ರವರೆಗೆ ಹೃದಯ ಬಡಿತ ಏರಬೇಕೆಂದು ಓದಿದ್ದೇನೆ; ಆದರೆ ಆ ವೇಗದಲ್ಲಿ ನನಗೆ ಏದುಸಿರು ಬರುತ್ತದೆ. ಬೆಳಿಗ್ಗೆ ಸ್ಮಾರ್ಟ್‌ವಾಚ್ ನನ್ನ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಹೃದಯ ಬಡಿತಗಳ ಅಂತರದ ಏರಿಳಿತ) 24 ಎಂದು ತೋರಿಸಿದರೆ, ನನ್ನ ತಮ್ಮನದು 60 ಇರುತ್ತದೆ. ವ್ಯಾಯಾಮದ ತೀವ್ರತೆಯನ್ನು ಈ ಸಂಖ್ಯೆಯಿಂದ ಅಳೆಯಬಹುದೇ?

ಉತ್ತರ: ಸೂತ್ರಕ್ಕಿಂತ ನಿಮ್ಮ ಏದುಸಿರನ್ನೇ ಮೊದಲು ನಂಬಿ. 220ರಲ್ಲಿ ವಯಸ್ಸು ಕಳೆಯುವ ಆ ಸೂತ್ರ ಕೊಡುವುದು ಗರಿಷ್ಠ ಹೃದಯ ಬಡಿತದ ಸರಾಸರಿಯನ್ನು ಮಾತ್ರ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ ಹತ್ತಿಪ್ಪತ್ತರ ವ್ಯತ್ಯಾಸವಿರುವುದು ಅಪರೂಪವೇನಲ್ಲ.

ಹೃದಯ ನಿಮಿಷಕ್ಕೆ 60 ಬಾರಿ ಬಡಿದರೂ ಬಡಿತಗಳ ನಡುವಣ ಅಂತರ ಪ್ರತಿಸಲ ಕರಾರುವಾಕ್ಕಾಗಿ 1,000 ಮಿಲಿಸೆಕೆಂಡ್ ಇರುವುದಿಲ್ಲ. ಒಮ್ಮೆ 970, ಮತ್ತೊಮ್ಮೆ 1,030 ಆಗಬಹುದು. ಈ ಏರಿಳಿತದ ಅಳತೆಯೇ ಎಚ್‌ಆರ್‌ವಿ. ವಿಶ್ರಾಂತಿಯಲ್ಲಿ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರವು ಉಸಿರಾಟದ ಲಯಕ್ಕೆ ತಕ್ಕಂತೆ ಹೃದಯಕ್ಕೆ ಕಡಿವಾಣ ಹಾಕುತ್ತಾ, ಸಡಿಲಿಸುತ್ತಾ ಇರುವುದರಿಂದ ಏರಿಳಿತ ಹೆಚ್ಚು. ವ್ಯಾಯಾಮದ ಬಿರುಸು ಏರಿದಂತೆ ಆ ಹಿಡಿತ ಸಡಿಲವಾಗಿ ಎಚ್‌ಆರ್‌ವಿ ಬೇಗ ಕುಸಿಯುತ್ತದೆ, ಆಮೇಲೆ ಕೆಳಮಟ್ಟದಲ್ಲೇ ನಿಲ್ಲುತ್ತದೆ. ಹೀಗೆ ಕುಸಿತ ನಿಲ್ಲುವ ಬಿಂದು ಸಾಮಾನ್ಯವಾಗಿ ಸರಾಗ ಮಾತಿಗೆ ಉಸಿರು ಸಾಲದಾಗುವ ಹಂತದ ಸಮೀಪದಲ್ಲಿರುತ್ತದೆ. ಹಂತಹಂತವಾಗಿ ಶ್ರಮ ಹೆಚ್ಚಿಸುತ್ತಾ ಇಸಿಜಿಯಲ್ಲಿ ಅದನ್ನು ಗುರುತಿಸಬಹುದು. ಸುಸ್ತಾಗಿ ನಿಲ್ಲುವವರೆಗೆ ಓಡಿಸಬೇಕಿಲ್ಲವಾದ್ದರಿಂದ ಹೆಚ್ಚು ತೂಕವಿರುವವರಿಗೆ ಈ ವಿಧಾನ ನಿಜಕ್ಕೂ ಅನುಕೂಲ. ಆದರೆ ಅವರಲ್ಲಿ ವಿಶ್ರಾಂತಿಯ ಎಚ್‌ಆರ್‌ವಿ ಮೊದಲೇ ಕಡಿಮೆ ಇರುವುದುಂಟು. ಆಗ ಇಳಿಯಲು ಉಳಿದಿರುವುದೇ ಸ್ವಲ್ಪವಾದ್ದರಿಂದ ಆ ಬಿಂದು ಮಸುಕಾಗುತ್ತದೆ.

ಬೆಳಿಗ್ಗೆ ನೀವು ನೋಡುವ 24 ಈ ಬಿಂದುವನ್ನು ತೋರಿಸುವುದಿಲ್ಲ. ಅದು ನಿದ್ರೆ, ಜ್ವರ, ಮದ್ಯ, ಮಾನಸಿಕ ಒತ್ತಡ, ಹಿಂದಿನ ದಿನದ ದಣಿವು ಎಲ್ಲವನ್ನೂ ಒಟ್ಟಾಗಿ ಬಿಂಬಿಸುತ್ತದೆಯೇ ಹೊರತು ಇಂದಿನ ನಡಿಗೆಯ ವೇಗವನ್ನು ಹೇಳುವುದಿಲ್ಲ. ತಮ್ಮನೊಂದಿಗಿನ ಹೋಲಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಎಚ್‌ಆರ್‌ವಿ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ನಿಮ್ಮದೇ ವಾರದ ಸರಾಸರಿಯನ್ನು ಹಿಂದಿನ ವಾರಗಳದರೊಡನೆ ಹೋಲಿಸಿ, ಅದು ಕೆಲವು ದಿನ ಸತತವಾಗಿ ಕುಸಿದಿದ್ದರೆ ನಡಿಗೆಯನ್ನು ಹಗುರಗೊಳಿಸಿ. ನಡೆಯುವಾಗ ಮಣಿಕಟ್ಟಿನ ಸಾಧನ ಕೊಡುವ ಎಚ್‌ಆರ್‌ವಿಯನ್ನು ನಂಬುವಂತಿಲ್ಲ, ಏಕೆಂದರೆ ಕೈ ಬೀಸುವಾಗ ಒಂದೆರಡು ಬಡಿತ ತಪ್ಪಿದರೂ ಲೆಕ್ಕ ಕೆಡುತ್ತದೆ. ಎದೆಗೆ ಕಟ್ಟುವ ಪಟ್ಟಿ ವಾಸಿ. ಹೃದಯ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ, ಹೃದಯದ ಲಯ ತಪ್ಪುವವರಲ್ಲಿ, ಬಹುಕಾಲದ ಮಧುಮೇಹದಿಂದ ನರಗಳಿಗೆ ಹಾನಿಯಾದವರಲ್ಲಿ ಈ ಅಳತೆಗಳನ್ನು ವೈದ್ಯರೇ ಅರ್ಥೈಸಬೇಕು.

ಸದ್ಯಕ್ಕೆ, ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಆಗುವ, ಆದರೆ ಹಾಡಲು ಆಗದಷ್ಟು ವೇಗದಲ್ಲಿ ನಡೆಯಿರಿ. ಬಡಿತ 110 ಇರುವಾಗಲೇ ಆ ಸ್ಥಿತಿ ಬಂದರೆ ನಿಮಗೆ 110 ಸಾಕು. ವೇಗ ಹೆಚ್ಚಿಸುವ ಮುನ್ನ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ. ಎದೆ ಹಿಡಿದಂತಾದರೆ ಅಥವಾ ತಲೆ ಸುತ್ತಿದರೆ ನಡಿಗೆ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕಾಣಿರಿ.