ಹಳ್ಳಿ ಕ್ಲಿನಿಕ್‌ನಲ್ಲಿ ವಯಸ್ಸಾದ ಕ್ಯಾನ್ಸರ್ ರೋಗಿಗಳಿಗೆ ಏನೇನು ಬೇಕು ಅಂತ ತಿಳಿಯುವುದು ಹೇಗೆ?

ವಯಸ್ಸೊಂದನ್ನೇ ನೋಡಿ ಚಿಕಿತ್ಸೆ ತೀರ್ಮಾನಿಸಬಾರದು. 75 ವರ್ಷದ ಇಬ್ಬರ ಶಕ್ತಿ ಒಂದೇ ಥರ ಇರುವುದಿಲ್ಲ, ಅಲ್ವಾ? ದೊಡ್ಡ ಯಂತ್ರಗಳಿಲ್ಲದಿದ್ದರೂ ನರ್ಸ್ ಒಬ್ಬರೇ ಜಿ8 ಪರೀಕ್ಷೆ ಮಾಡಬಹುದು; ಇದು ವಯಸ್ಸಾದ ಕ್ಯಾನ್ಸರ್ ರೋಗಿಗಳಲ್ಲಿ ಯಾರಿಗೆ ಹೆಚ್ಚಿನ ತಪಾಸಣೆ ಬೇಕು ಅಂತ ಗುರುತಿಸುವ ಚಿಕ್ಕ ಪ್ರಶ್ನಾವಳಿ. ಎಂಟು ಪ್ರಶ್ನೆ, ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ವಿವರವಾದ ತಪಾಸಣೆ ಬೇಕು. ಇದಲ್ಲದೆ, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ವಾಪಸ್ ಬಂದು ಕೂರಲು ಹೇಳಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯವಿದೆ. ತಗೊಳ್ಳುವ ಮಾತ್ರೆಗಳನ್ನೆಲ್ಲ ತರಿಸಿ ನೋಡಿ. ತೂಕ, ಮರೆವು, ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಿ.

ನನ್ನ ಪ್ರಕಾರ ಹಳ್ಳಿಯಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆಗಳು ಬೇರೆ. ದೂರದ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಕೀಮೋ ನಡೆಯುವಾಗ ರಾತ್ರಿ ಜ್ವರ ಬಂದರೆ ಅದು ತುರ್ತು ಸ್ಥಿತಿ, ಆಗ ಜೊತೆಗೆ ಯಾರಿರುತ್ತಾರೆ? ಮನೆಯವರು ಹೇಳಿದ್ದಷ್ಟೇ ಸಾಲದು, ರೋಗಿಯನ್ನೂ ಒಬ್ಬರೇ ಇರುವಾಗ ಕೇಳಿ.